ಕೊಡಗಿನ ಮನೆಗೆ ಕಡಿಮೆ ಖರ್ಚಿನ ನ್ಯಾಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯಾಸ್ ಅಂದರೆ ಏನು? ಯುಎಸ್‌ಬಿ ಡಿಸ್ಕ್‌ಗಿಂತ ಹೇಗೆ ಬೇರೆ?

ರೌಟರ್‌ಗೆ ವೈರ್ ಎಳೆದು ಇಟ್ಟ, ದಿನವಿಡೀ ಚಾಲೂ ಇರುವ ಡಿಸ್ಕ್ ಪೆಟ್ಟಿಗೆ. ಒಳಗೊಂದು ಪುಟ್ಟ ಕಂಪ್ಯೂಟರ್ ಇರುತ್ತೆ. ಹಾಗಾಗಿ ಯುಎಸ್‌ಬಿ ಡಿಸ್ಕ್‌ನಂತೆ ಒಂದು ಲ್ಯಾಪ್‌ಟಾಪ್‌ನಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸುವ ಕೆಲಸವಿಲ್ಲ. ಮನೆಯ ವೈಫೈನಲ್ಲಿರುವ ಫೋನ್, ಲ್ಯಾಪ್‌ಟಾಪ್, ಟಿವಿ ಎಲ್ಲಕ್ಕೂ ಅದು ಕಾಣುತ್ತೆ. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಡಬಹುದು. ಫೋನಿನ ಫೋಟೊಗಳು ರಾತ್ರಿ ಹೊತ್ತು ತಾವಾಗಿಯೇ ಅಲ್ಲಿಗೆ ಹೋಗಿ ಸೇರುತ್ತವೆ.

ನಮ್ಮನೆಗೆ ಅದು ಬೇಕೇ ಬೇಕಾ?

ಎಷ್ಟೋ ಮನೆಗೆ ಬೇಡ. ಒಂದು ಲ್ಯಾಪ್‌ಟಾಪ್, ಎರಡು ಫೋನ್ ಇರುವ ಮನೆಗೆ 2 ಟಿಬಿಯ ಎರಡು ಯುಎಸ್‌ಬಿ ಡಿಸ್ಕ್ ಸಾಕು. ಒಂದು ಬೀರುವಿನಲ್ಲಿ, ಇನ್ನೊಂದು ಮೈಸೂರಿನ ಅಕ್ಕನ ಮನೆಯಲ್ಲಿ. ಹೋಗಿಬರುವಾಗ ಅದಲುಬದಲು ಮಾಡಿದರೆ ಆಯಿತು.

ನಾಲ್ಕೈದು ಫೋನ್‌ಗಳ ಫೋಟೊ ಒಂದೆಡೆ ಸೇರಬೇಕು, ತೋಟದ ಲೆಕ್ಕ ಒಂದು ಕಂಪ್ಯೂಟರಿನಲ್ಲಿ, ಹೋಂಸ್ಟೇ ಬಿಲ್ ಇನ್ನೊಂದರಲ್ಲಿ, ಐನ್‌ಮನೆಯ ಹಳೆ ಫೋಟೊ, ಜಮ್ಮಾ ಬಾಣೆಯ ಕಾಗದಗಳ ಸ್ಕ್ಯಾನ್ ಇಡೀ ಒಕ್ಕದವರಿಗೆ ಸಿಗಬೇಕು ಅನ್ನುವಂಥ ಮನೆಗೆ ನ್ಯಾಸ್ ಉಪಯೋಗಕ್ಕೆ ಬರುತ್ತೆ. ಫೋನ್ ತುಂಬಿದೆ ಅನ್ನುವುದೊಂದೇ ಕಾರಣವಾದರೆ ದುಡ್ಡು ಖರ್ಚು ಮಾಡಬೇಡಿ.

ಇರುವ ಬಜೆಟ್ ಅನ್ನು ಹೇಗೆ ಹಂಚಬೇಕು?

ಡಿಸ್ಕ್ ದರ ತಿಂಗಳು ತಿಂಗಳಿಗೂ ಏರಿಳಿಯುವುದರಿಂದ ರೂಪಾಯಿ ಲೆಕ್ಕಕ್ಕಿಂತ ಪಾಲಿನ ಲೆಕ್ಕ ಒಳ್ಳೆಯದು. ನೂರು ರೂಪಾಯಿ ಇದ್ದರೆ ಪೆಟ್ಟಿಗೆಗೆ 35, ಒಳಗಿನ ಡಿಸ್ಕ್‌ಗಳಿಗೆ 40, ಬ್ಯಾಕಪ್‌ಗೆ ಹೊರಗಿನ ಯುಎಸ್‌ಬಿ ಡಿಸ್ಕ್‌ಗೆ 13, ಯುಪಿಎಸ್ ಮತ್ತು ಕೇಬಲ್‌ಗೆ 12. ಅಂಗಡಿಯವರು ಮೊದಲ ಎರಡನ್ನು ಮಾತ್ರ ಹೇಳುತ್ತಾರೆ. ಕೊಡಗಿನಲ್ಲಿ ಮನೆಯವರನ್ನು ಕಾಪಾಡುವುದು ಕೊನೆಯ ಎರಡು. ದುಡ್ಡು ಸಾಲದಿದ್ದರೆ ಪೆಟ್ಟಿಗೆಯನ್ನು ಸಣ್ಣದು ಮಾಡಿ, ಯುಪಿಎಸ್ ಬಿಡಬೇಡಿ.

ಎಷ್ಟು ಟಿಬಿ ತೆಗೆದುಕೊಳ್ಳಬೇಕು?

ಫೋನಿನ ಒಂದು ಫೋಟೊ ಸುಮಾರು 2ರಿಂದ 4 ಎಂಬಿ. ಐವತ್ತು ಸಾವಿರ ಫೋಟೊ ಇದ್ದರೂ 200 ಜಿಬಿ ದಾಟುವುದು ಕಷ್ಟ. ಜಾಗ ತಿನ್ನುವುದು ವಿಡಿಯೊ. 4ಕೆ ವಿಡಿಯೊ ನಿಮಿಷಕ್ಕೆ 170 ಎಂಬಿಯಿಂದ ಅದರ ಎರಡರಷ್ಟರವರೆಗೂ ಹೋಗುತ್ತೆ. ಮದುವೆಯ ಎರಡು ಗಂಟೆ ವಿಡಿಯೊ ಅಂದರೆ 20ರಿಂದ 40 ಜಿಬಿ. ಕಾಗದಪತ್ರ ಲೆಕ್ಕಕ್ಕೇ ಇಲ್ಲ, ಎ4 ಹಾಳೆಯ ಬಣ್ಣದ ಸ್ಕ್ಯಾನ್ ಒಂದು ಎಂಬಿ ಆಸುಪಾಸು.

ಮನೆಯವರ ಫೋನ್, ಲ್ಯಾಪ್‌ಟಾಪ್, ಹಳೆ ಪೆನ್‌ಡ್ರೈವ್ ಎಲ್ಲದರಲ್ಲಿ ಇರುವುದನ್ನು ಕೂಡಿ, ಮೂರರಿಂದ ಗುಣಿಸಿ. ಸಾಮಾನ್ಯವಾಗಿ 4 ಟಿಬಿ ಸಾಕಾಗುತ್ತೆ. ಡಬ್ಬದ ಮೇಲೆ 4 ಟಿಬಿ ಅಂತ ಬರೆದಿದ್ದು ಕಂಪ್ಯೂಟರಿನಲ್ಲಿ 3.6 ಅಂತ ತೋರಿಸಿದರೆ ಮೋಸ ಆಗಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ, ಅಷ್ಟೇ.

ಒಂದು ಡಿಸ್ಕ್‌ನದ್ದೋ, ಎರಡು ಡಿಸ್ಕ್‌ನದ್ದೋ?

ಎರಡು ಡಿಸ್ಕ್‌ನ ಪೆಟ್ಟಿಗೆಯಲ್ಲಿ ರೇಡ್ 1 ಹಾಕಿದರೆ ಬರೆದದ್ದೆಲ್ಲ ಎರಡರ ಮೇಲೂ ಕೂರುತ್ತೆ. ಒಂದು ಸತ್ತರೆ ಇನ್ನೊಂದರಿಂದ ಕೆಲಸ ನಡೆಯುತ್ತೆ. ಎರಡು 4 ಟಿಬಿ ಹಾಕಿದರೂ ಸಿಗುವುದು 4 ಟಿಬಿ ಜಾಗವೇ.

ಆದರೆ ರೇಡ್ ಬ್ಯಾಕಪ್ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮಗು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಲ್ಲಿ ಆ ಕ್ಷಣವೇ ಅಳಿಸುತ್ತೆ. ಸಿಡಿಲು ಹೊಡೆದರೆ ಎರಡಕ್ಕೂ ಒಟ್ಟಿಗೆ ಹೊಡೆಯುತ್ತೆ. ವೈರಸ್ ಬಂದು ಕಡತಗಳಿಗೆ ಬೀಗ ಹಾಕಿದರೆ ಎರಡಕ್ಕೂ ಬೀಗ. ಹಾಗಾಗಿ ದುಡ್ಡು ಒಂದಕ್ಕೇ ಸಾಕಾಗುವಂತಿದ್ದರೆ, ಬ್ಯಾಕಪ್ ಇಲ್ಲದ ಎರಡು ಡಿಸ್ಕ್‌ನ ನ್ಯಾಸ್‌ಗಿಂತ, ಒಂದು ಡಿಸ್ಕ್‌ನ ನ್ಯಾಸ್ ಜೊತೆಗೆ ಹೊರಗಿನ ಒಂದು ಯುಎಸ್‌ಬಿ ಡಿಸ್ಕ್ ಮೇಲು.

ಎರಡು ಡಿಸ್ಕ್‌ನ ಪರವಾಗಿ ಕೊಡಗಿಗೇ ಸೇರಿದ ಒಂದು ಕಾರಣವೂ ಇದೆ. ಡಿಸ್ಕ್ ಕೆಟ್ಟರೆ ಬದಲಿ ಬರುವುದು ಮೈಸೂರು, ಬೆಂಗಳೂರಿನಿಂದ. ಆಷಾಢದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಕೊರಿಯರ್ ವಾರ ತಡ. ಅಷ್ಟು ದಿನ ಹೋಂಸ್ಟೇ ಬಿಲ್ಲು, ತೋಟದ ಲೆಕ್ಕ ನಿಲ್ಲುವಂತಿಲ್ಲ ಅನ್ನುವವರಿಗೆ ಎರಡೇ ಬೇಕು.

ಯಾವ ಮಾದರಿ ನೋಡಬಹುದು?

ಎರಡು ಡಿಸ್ಕ್‌ನಲ್ಲಿ ಸಿನಾಲಜಿ ಡಿಎಸ್223ಜೆ, ಕ್ಯೂನ್ಯಾಪ್ ಟಿಎಸ್-233. ಮೊದಲನೆಯದರಲ್ಲಿ 1 ಜಿಬಿ ರ‍್ಯಾಮ್, ಎರಡನೆಯದರಲ್ಲಿ 2 ಜಿಬಿ. ಲ್ಯಾನ್ ವೈರ್ ಸಿಕ್ಕಿಸುವ ಗಿಗಾಬಿಟ್ ಪೋರ್ಟ್ ಎರಡರಲ್ಲೂ ಒಂದೊಂದು. ಒಂದು ಡಿಸ್ಕ್‌ನಲ್ಲಿ ಡಿಎಸ್124, ಟಿಎಸ್-133. ಕಂಪ್ಯೂಟರ್ ಬಗ್ಗೆ ಹೆಚ್ಚು ತಿಳಿಯದವರಿಗೆ ಸಿನಾಲಜಿಯ ತಂತ್ರಾಂಶ ಸುಲಭ. ಅದೇ ಬೆಲೆಗೆ ಹೆಚ್ಚು ಬಲದ ಯಂತ್ರ ಬೇಕು, ಸೆಟ್ಟಿಂಗ್ ಕೆದಕುವ ಹುಮ್ಮಸ್ಸೂ ಇದೆ ಅಂದರೆ ಕ್ಯೂನ್ಯಾಪ್. ಫೋಟೊ ಇಡಲು, ಟಿವಿಯಲ್ಲಿ ಸಿನಿಮಾ ನೋಡಲು ಎರಡೂ ಸಾಕು.

ಕೊಳ್ಳುವ ಮೊದಲು ಆ ಮಾದರಿಗೆ ಹೊಂದುವ ಡಿಸ್ಕ್‌ಗಳ ಪಟ್ಟಿಯನ್ನು ಕಂಪನಿಯ ಜಾಲತಾಣದಲ್ಲಿ ನೋಡಿ. 2025ರಲ್ಲಿ ಸಿನಾಲಜಿ ತನ್ನ ಹೊಸ ಪ್ಲಸ್ ಸರಣಿಗೆ ತನ್ನದೇ ಡಿಸ್ಕ್ ಬೇಕು ಅಂತ ಕಟ್ಟುಹಾಕಿ, ಗಲಾಟೆಯಾದ ಮೇಲೆ ಅದೇ ಅಕ್ಟೋಬರ್‌ನಲ್ಲಿ ಸಡಿಲಿಸಿತು. ಡಿಎಸ್223ಜೆ ಸೇರಿದ ಜೆ ಸರಣಿಗೆ ಆ ತಾಪತ್ರಯ ಇರಲಿಲ್ಲ.

ಅಗ್ಗಕ್ಕೆ ಸಿಗುತ್ತೆ ಅಂತ ಅಪ್‌ಡೇಟ್ ನಿಂತುಹೋದ ಹಳೆ ಪೆಟ್ಟಿಗೆ ಕೊಳ್ಳಬೇಡಿ. ಡಬ್ಲ್ಯೂಡಿಯ ಮೈ ಬುಕ್ ಲೈವ್‌ಗೆ 2015ರ ನಂತರ ಅಪ್‌ಡೇಟ್ ಬಂದಿರಲಿಲ್ಲ. 2021ರ ಜೂನ್‌ನಲ್ಲಿ ಇಂಟರ್ನೆಟ್‌ಗೆ ತೆರೆದಿಟ್ಟಿದ್ದ ಅಂಥ ಪೆಟ್ಟಿಗೆಗಳಿಗೆ ಯಾರೋ ಹೊರಗಿನಿಂದಲೇ ನುಗ್ಗಿ ಫ್ಯಾಕ್ಟರಿ ರೀಸೆಟ್ ಮಾಡಿದರು. ಜನರ ವರ್ಷಗಟ್ಟಲೆಯ ಫೋಟೊ ರಾತ್ರೋರಾತ್ರಿ ಖಾಲಿ.

ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಅಥವಾ ಅಟ್ಟದ ಮೇಲಿನ ಹಳೆ ಕಂಪ್ಯೂಟರ್ ಆಗಲ್ವಾ?

ಆಗುತ್ತೆ. ಓಪನ್‌ಮೀಡಿಯಾವಾಲ್ಟ್ ಅನ್ನುವ ಉಚಿತ ತಂತ್ರಾಂಶ ಎರಡರಲ್ಲೂ ಓಡುತ್ತೆ. ಆದರೆ ಮನೆಯಲ್ಲಿ ಲಿನಕ್ಸ್ ಗೊತ್ತಿರುವವರು ಒಬ್ಬರಿರಬೇಕು, ಅವರು ಮನೆಯಲ್ಲೇ ಇರಬೇಕು. ಹೊಂದಿಸಿಕೊಟ್ಟ ಹುಡುಗ ಓದಲು ಬೆಂಗಳೂರಿಗೆ ಹೋದ ಮೇಲೆ ಪೆಟ್ಟಿಗೆ ಅನಾಥವಾಗುವುದೇ ಹೆಚ್ಚು.

ಪೈ 4ರಲ್ಲಿ ಪದೇ ಪದೇ ಕಾಣುವ ತೊಂದರೆ ಕರೆಂಟಿನದು. ಅದರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ 1.2 ಆಂಪಿಯರ್ ಮಾತ್ರ ಕೊಡುತ್ತೆ. ಸಣ್ಣ ಯುಎಸ್‌ಬಿ ಡಿಸ್ಕ್ ತಿರುಗಲು ಶುರುವಾಗುವಾಗ ಒಂದೇ ಸುಮಾರು 1 ಆಂಪಿಯರ್ ಎಳೆಯುತ್ತೆ. ಎರಡು ಸಿಕ್ಕಿಸಿದರೆ ಟಿಕ್ ಟಿಕ್ ಅನ್ನುತ್ತೆ, ಮಾಯವಾಗುತ್ತೆ, ಮತ್ತೆ ಬರುತ್ತೆ. ಡಿಸ್ಕ್ ಕೆಟ್ಟಿತು ಅಂತ ಜನ ಎಸೆಯುತ್ತಾರೆ, ಕೆಟ್ಟಿರುವುದು ಏನೂ ಇಲ್ಲ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಅಥವಾ ಡಾಕ್ ಹಾಕಿ. ಪೈ 5ಕ್ಕೆ 5 ವೋಲ್ಟ್ 5 ಆಂಪಿಯರಿನ ಅಡಾಪ್ಟರೇ ಬೇಕು. ಫೋನ್ ಚಾರ್ಜರ್ ಸಿಕ್ಕಿಸಿದರೆ ಅದು ಯುಎಸ್‌ಬಿಗೆ ಕೊಡುವ ಕರೆಂಟನ್ನು 600 ಮಿಲಿಆಂಪಿಯರಿಗೆ ಇಳಿಸುತ್ತೆ. 3.5 ಇಂಚಿನ ದೊಡ್ಡ ಡಿಸ್ಕ್‌ಗೆ 12 ವೋಲ್ಟ್ ಬೇಕು, ಅದು ಪೈನಿಂದ ನಡೆಯುವುದೇ ಇಲ್ಲ.

ಹಳೆ ಡೆಸ್ಕ್‌ಟಾಪ್ ಪುಕ್ಕಟೆ ಅನ್ನಿಸುತ್ತೆ. ಸುಮ್ಮನೆ ಕೂತರೂ 50 ವಾಟ್ ತಿಂದರೆ ತಿಂಗಳಿಗೆ 36 ಯೂನಿಟ್. ಎರಡು ಡಿಸ್ಕ್‌ನ ನ್ಯಾಸ್ 16 ವಾಟ್, ಅಂದರೆ ಹನ್ನೊಂದೂವರೆ ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಗಳು ಇದನ್ನು ಲೆಕ್ಕಕ್ಕಿಟ್ಟುಕೊಳ್ಳಿ: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಬಿಲ್ ಪೂರ್ತಿ ಕಟ್ಟಬೇಕು.

ರೌಟರ್ ಹಿಂದೆಯೇ ಯುಎಸ್‌ಬಿ ಪೋರ್ಟ್ ಇದೆ. ಅದಕ್ಕೇ ಡಿಸ್ಕ್ ಸಿಕ್ಕಿಸಿದರೆ?

ರುಚಿ ನೋಡಲು ಸರಿ. ನಿಧಾನ, ಪಾಸ್‌ವರ್ಡ್ ವ್ಯವಸ್ಥೆ ಅಷ್ಟಕ್ಕಷ್ಟೆ, ಡಿಸ್ಕ್ ಹಾಳಾಗುತ್ತಿದ್ದರೂ ಎಚ್ಚರಿಸುವುದಿಲ್ಲ. ಸಿನಿಮಾ ಇಡಿ, ಆರ್‌ಟಿಸಿ ಇಡಬೇಡಿ.

ಒಳಗೆ ಹಾಕಲು ಯಾವ ಡಿಸ್ಕ್?

ಸೀಗೇಟ್ ಐರನ್‌ವುಲ್ಫ್ ಅಥವಾ ಡಬ್ಲ್ಯೂಡಿ ರೆಡ್ ಪ್ಲಸ್. ಕೇಳಬೇಕಾದ ಪದ ಒಂದೇ: ಸಿಎಂಆರ್, ಅಂದರೆ ಸಾಲುಗಳನ್ನು ಒಂದರ ಮೇಲೊಂದು ಚಾಚಿಸದೆ ಪಕ್ಕಪಕ್ಕದಲ್ಲಿ ಬರೆಯುವ ಡಿಸ್ಕ್. ಅಗ್ಗದ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಇರುತ್ತೆ. ಮಂಗಳೂರು ಹೆಂಚಿನ ಮಾಡು ನೆನಪಿಸಿಕೊಳ್ಳಿ. ಒಂದು ಹೆಂಚಿನ ಅಂಚಿನ ಮೇಲೆ ಇನ್ನೊಂದು ಕೂತಿರುತ್ತೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಮೇಲೆ ಕೂತದ್ದನ್ನೆಲ್ಲ ಎತ್ತಿ ಮತ್ತೆ ಜೋಡಿಸಬೇಕು. ಎಸ್‌ಎಂಆರ್ ಡಿಸ್ಕ್ ಸಾಲುಗಳನ್ನು ಹಾಗೇ ಒಂದರ ಮೇಲೊಂದು ಚಾಚಿಸಿ ಬರೆಯುತ್ತೆ. ಮೊದಲ ಸಲ ತುಂಬುವಾಗ ವೇಗವಾಗಿ ಓಡುತ್ತೆ, ತಿದ್ದಿ ಬರೆಯುವಾಗ ಮುಗ್ಗರಿಸುತ್ತೆ. ರೇಡ್‌ನಲ್ಲಿ ಒಂದು ಡಿಸ್ಕ್ ಬದಲಿಸಿ ಮತ್ತೆ ತುಂಬಿಸುವಾಗ ಅದು ಉತ್ತರ ಕೊಡಲು ತಡಮಾಡಿ, ನ್ಯಾಸ್ ಅದನ್ನು ಸತ್ತ ಡಿಸ್ಕ್ ಅಂತ ಹೊರಗೆ ಹಾಕುವುದೂ ಉಂಟು.

2020ರಲ್ಲಿ ಡಬ್ಲ್ಯೂಡಿಯ ಸಾದಾ ರೆಡ್‌ನಲ್ಲೇ ಎಸ್‌ಎಂಆರ್ ಇರುವುದು ಬಯಲಾಯಿತು. ಆಮೇಲೆ ಸಿಎಂಆರ್ ಇರುವುದಕ್ಕೆ ರೆಡ್ ಪ್ಲಸ್ ಅನ್ನುವ ಹೆಸರು ಬಂತು. ಹಾಗಾಗಿ ‘ರೆಡ್’ ಅಷ್ಟೇ ನೋಡಿ ಕೊಳ್ಳಬೇಡಿ. ಸೀಗೇಟ್ ಬಾರಾಕ್ಯೂಡಾದ 4 ಟಿಬಿ, 8 ಟಿಬಿ ಡೆಸ್ಕ್‌ಟಾಪ್ ಡಿಸ್ಕ್‌ಗಳೂ ಎಸ್‌ಎಂಆರ್. ಹೊರಗಿನ ಬ್ಯಾಕಪ್ ಯುಎಸ್‌ಬಿ ಡಿಸ್ಕ್ ಎಸ್‌ಎಂಆರ್ ಆಗಿದ್ದರೆ ಅಡ್ಡಿಯಿಲ್ಲ.

ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಹಾಕಿದರೆ ಸದ್ದಿಲ್ಲ, ಆದರೆ ಟಿಬಿಗೆ ಬೀಳುವ ಬೆಲೆ ಬಹಳ. ಬಜೆಟ್ ಮನೆಗೆ ಬೇಡ.

ಸೆಕೆಂಡ್ ಹ್ಯಾಂಡ್ ಡಿಸ್ಕ್ ಅಗ್ಗಕ್ಕೆ ಸಿಗುತ್ತೆ, ಕೊಳ್ಳಬಹುದಾ?

ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ, ನೋಡದೆ ಬೇಡ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೋರಿಸುತ್ತೆ. ಕೆಲವು ತಂತ್ರಾಂಶಗಳಲ್ಲಿ ವರದಿಯ ಸಾಲುಗಳ ಕ್ರಮಸಂಖ್ಯೆಗಳು ಹೆಕ್ಸಾ ಲೆಕ್ಕದಲ್ಲಿ (197ರ ಬದಲು C5 ಅಂತ) ಇರುತ್ತವೆ ಅನ್ನುವುದು ನೆನಪಿರಲಿ. 9ನೇ ಸಾಲು ಎಷ್ಟು ಗಂಟೆ ಓಡಿದೆ ಅಂತ ಹೇಳುತ್ತೆ, 8,760 ಗಂಟೆ ಅಂದರೆ ಒಂದು ವರ್ಷ. ತಟ್ಟೆಯ ಮೇಲಿನ ಕೆಟ್ಟ ಜಾಗಗಳನ್ನು ಎಣಿಸುವ 5, 197, 198ನೇ ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ಕೈಬಿಡಿ. 199 ಏರಿದ್ದರೆ ಬಹುಪಾಲು ಕೇಬಲ್ ದೋಷ, ಡಿಸ್ಕ್‌ನದಲ್ಲ.

ಈ ಅಂಕಿಗಳನ್ನು ಸೊನ್ನೆ ಮಾಡಿ ಹೊಸದೆಂದು ಮಾರುವ ಜಾಲವೂ ಇದೆ. 2025ರ ಆರಂಭದಲ್ಲಿ ಹಾಗೆ ಮಾರಿದ ಸೀಗೇಟ್ ಡಿಸ್ಕ್‌ಗಳು ಸಿಕ್ಕಿಬಿದ್ದವು. ಅವುಗಳೊಳಗೆ ಫಾರ್ಮ್ ಅನ್ನುವ ಇನ್ನೊಂದು ದಾಖಲೆ ಇರುತ್ತೆ, ನಿಜವಾದ ಗಂಟೆಗಳು ಅದರಲ್ಲಿ ಉಳಿದಿದ್ದವು. ಹೊಸ ಡಿಸ್ಕ್ ಕೊಂಡರೂ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ಭಾರತದ ವಾರಂಟಿ ಇದೆಯೇ ನೋಡಿ. ಇಲ್ಲದಿದ್ದರೆ ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ವಾಪಸ್ ಮಾಡಿ.

ಕರೆಂಟು ದಿನಕ್ಕೆ ಹತ್ತು ಸಲ ಹೋಗುತ್ತೆ. ಏನು ಮಾಡುವುದು?

ಇಲ್ಲಿ ನ್ಯಾಸ್ ಹಾಳಾಗುವುದಕ್ಕೆ ದೊಡ್ಡ ಕಾರಣ ಇದೇ. ಕರೆಂಟು ಹಠಾತ್ತನೆ ಹೋದಾಗ ಅರ್ಧ ಬರೆದ ಕಡತ ಅಲ್ಲೇ ನಿಲ್ಲುತ್ತೆ, ತಿರುಗುತ್ತಿರುವ ತಟ್ಟೆಯ ಮೇಲಿಂದ ಡಿಸ್ಕ್‌ನ ತಲೆ ಗಡಿಬಿಡಿಯಲ್ಲಿ ಹಿಂದೆ ಸರಿಯಬೇಕಾಗುತ್ತೆ. ಸ್ಮಾರ್ಟ್ ವರದಿಯ 192ನೇ ಸಾಲು ಹೀಗೆ ಎಷ್ಟು ಸಲ ಆಯಿತು ಅಂತ ಎಣಿಸಿಡುತ್ತೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ನೋಡಿ, ಗೊತ್ತಾಗುತ್ತೆ.

ಮನೆಗೆ ಇನ್ವರ್ಟರ್ ಇದ್ದರೆ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇದೆಯೇ ನೋಡಿ. ಅದನ್ನು ಹಾಕದಿದ್ದರೆ ಕರೆಂಟಿನಿಂದ ಬ್ಯಾಟರಿಗೆ ದಾಟುವಾಗ ಬಲ್ಬ್ ಒಮ್ಮೆ ಮಿನುಗುತ್ತೆ. ಬಲ್ಬ್‌ಗೆ ಅದು ಮಿನುಗು, ನ್ಯಾಸ್‌ಗೆ ಅದೇ ಕರೆಂಟ್ ಕಟ್. ಸ್ಕ್ವೇರ್ ವೇವ್ ಇನ್ವರ್ಟರ್‌ಗಿಂತ ಸೈನ್ ವೇವ್ ಒಳ್ಳೆಯದು.

ಇನ್ವರ್ಟರ್ ಇದ್ದರೂ ನ್ಯಾಸ್, ರೌಟರ್, ಫೈಬರ್ ಪೆಟ್ಟಿಗೆ ಮೂರಕ್ಕೂ ಸೇರಿ 600 ವಿಎ ಯುಪಿಎಸ್ ಒಂದು ಬೇಕು. ಮೂರೂ ಸೇರಿ 30 ವಾಟ್ ಒಳಗೇ ಇರುವುದರಿಂದ ಹೊಸ ಬ್ಯಾಟರಿಯಲ್ಲಿ ಮುಕ್ಕಾಲು ಗಂಟೆಯಾದರೂ ಓಡುತ್ತೆ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು. ಸಾಧ್ಯವಾದರೆ ಯುಎಸ್‌ಬಿ ಡೇಟಾ ಪೋರ್ಟ್ ಇರುವ ಯುಪಿಎಸ್ ಕೊಳ್ಳಿ. ತೀರಾ ಅಗ್ಗದವುಗಳಲ್ಲಿ ಅದು ಇರಲ್ಲ. ಆ ವೈರ್ ನ್ಯಾಸ್‌ಗೆ ಸಿಕ್ಕಿಸಿ, ‘ಕರೆಂಟ್ ಹೋಗಿ 10 ನಿಮಿಷವಾದರೆ ತಾನೇ ಮುಚ್ಚಿಕೋ’ ಅಂತ ಸೆಟ್ಟಿಂಗ್ ಕೊಡಿ. ಮುಕ್ಕಾಲು ಗಂಟೆ ಇದೆಯಲ್ಲ, ಯಾಕೆ ಹತ್ತೇ ನಿಮಿಷ? ಇನ್ನೊಂದು ಅರ್ಧ ಗಂಟೆಗೆ ಮತ್ತೆ ಹೋಗುತ್ತೆ, ಅಷ್ಟರಲ್ಲಿ ಬ್ಯಾಟರಿ ತುಂಬಿರಲ್ಲ, ಅದಕ್ಕೆ.

ಕಕ್ಕಡದ ಮಳೆಯಲ್ಲಿ ಲೈನ್ ಮೇಲೆ ಸಿಲ್ವರ್ ಓಕ್ ಬಿದ್ದರೆ ಎರಡು ಮೂರು ದಿನ ಕರೆಂಟೇ ಇರಲ್ಲ. ಬಂದಾಗ ಬಂದು ಹೋಗಿ ಬಂದು ಹೋಗಿ ಆಟ ಆಡುತ್ತೆ. ನ್ಯಾಸ್‌ನಲ್ಲಿ ‘ಕರೆಂಟ್ ಬಂದಾಗ ತಾನಾಗಿ ಚಾಲೂ ಆಗು’ ಅನ್ನುವ ಆಯ್ಕೆ ಇರುತ್ತೆ. ಯುಪಿಎಸ್, ಇನ್ವರ್ಟರ್ ಎರಡೂ ಇಲ್ಲದ ಮನೆಯವರು ಜೂನ್‌ನಿಂದ ಆಗಸ್ಟ್‌ವರೆಗೆ ಅದನ್ನು ತೆಗೆದಿಡಿ. ಕರೆಂಟ್ ಅರ್ಧ ಗಂಟೆ ಗಟ್ಟಿಯಾಗಿ ನಿಂತ ಮೇಲೆ ಕೈಯಲ್ಲೇ ಬಟನ್ ಒತ್ತಿ.

ಜನರೇಟರ್ ಇರುವ ತೋಟದ ಮನೆಗಳಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತೆ. ಜನರೇಟರ್ ಓಡುತ್ತಿದ್ದರೂ ಯುಪಿಎಸ್ ಕೀಂಕೀಂ ಅಂತ ಬ್ಯಾಟರಿಯಲ್ಲೇ ಓಡಿ, ಕೊನೆಗೆ ಆರಿಹೋಗುತ್ತೆ. ಜನರೇಟರಿನ ಓಲಾಡುವ ಕರೆಂಟನ್ನು ಯುಪಿಎಸ್ ಒಪ್ಪುತ್ತಿಲ್ಲ ಅಂತ ಅರ್ಥ. ಸೆನ್ಸಿಟಿವಿಟಿ ಅನ್ನುವ ಸೆಟ್ಟಿಂಗ್ ಇದ್ದರೆ ಲೋ ಮಾಡಿ.

ವೋಲ್ಟೇಜ್ ಕಡಿಮೆ ಅಂತ ಸ್ಟೆಬಿಲೈಸರ್ ಬೇಡ. ನ್ಯಾಸ್‌ನ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಸಲೀಸಾಗಿ ಓಡುತ್ತೆ.

ಸಿಡಿಲಿಗೆ ಏನು ಉಪಾಯ?

ಹೂಮಳೆಯ ಕಾಲದಿಂದ ಮೇ ಕೊನೆಯವರೆಗೆ ಜೋಪಾನ. ಗುಡುಗು ಕೇಳಿಸುವ ಮೊದಲೇ ಪ್ಲಗ್ ಕಿತ್ತಿಡುವುದಕ್ಕೆ ಸರಿಸಾಟಿಯಾದ ಯಂತ್ರ ಇನ್ನೂ ಬಂದಿಲ್ಲ. ನ್ಯಾಸ್ ಅನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಪ್ಲಗ್ ತೆಗೆಯಿರಿ, ಲ್ಯಾನ್ ಕೇಬಲನ್ನೂ ತೆಗೆಯಿರಿ. ಬಹಳ ಮಂದಿ ಲ್ಯಾನ್ ಕೇಬಲನ್ನು ಮರೆಯುತ್ತಾರೆ, ಸಿಡಿಲು ಅಲ್ಲಿಂದಲೂ ಬರುತ್ತೆ.

ಮನೆಯಿಂದ ತೋಟದ ಆಫೀಸಿಗೋ, ಕಣದ ಪಕ್ಕದ ಗೋದಾಮಿಗೋ, ಹೋಂಸ್ಟೇ ಕಾಟೇಜಿಗೋ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ಅದು ಸಿಡಿಲಿಗೆ ಹಾಸಿದ ಚಾಪೆ. ದೂರದಲ್ಲಿ ಹೊಡೆದರೂ ಉದ್ದದ ತಾಮ್ರದಲ್ಲಿ ವೋಲ್ಟೇಜ್ ಹುಟ್ಟಿ ಎರಡೂ ತುದಿಯ ಪೋರ್ಟ್ ಸುಡುತ್ತೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯಿರಿ, ಎರಡು ತುದಿಯಲ್ಲಿ ಫೈಬರ್‌ನಿಂದ ಲ್ಯಾನ್ ಕೇಬಲಿಗೆ ದಾಟಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಇಡಿ. ಒಂದೇ ಎಳೆಯ ಫೈಬರ್‌ಗೆ ಬರುವ ಕನ್ವರ್ಟರುಗಳು ‘ಎ’ ಮತ್ತು ‘ಬಿ’ ಅಂತ ಜೋಡಿಯಾಗಿ ಬರುತ್ತವೆ. ಎರಡು ‘ಎ’ ತಂದರೆ ಲಿಂಕ್ ದೀಪ ಹತ್ತುವುದಿಲ್ಲ. ಕಂಬದಿಂದ ಬರುವ ಫೈಬರ್‌ನಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುತ್ತೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ಕಟ್ಟಿ, ಬರೀ ಫೈಬರ್ ಒಳಗೆ ತರಲು ಕೇಬಲ್‌ನವರಿಗೆ ಹೇಳಿ.

ಅರ್ಥಿಂಗ್ ಸರಿ ಇಲ್ಲದೆ ಸರ್ಜ್ ಪ್ರೊಟೆಕ್ಟರ್ ಹಾಕಿ ಫಲವಿಲ್ಲ, ಹೆಚ್ಚುವರಿ ವೋಲ್ಟೇಜನ್ನು ಅದು ದಾಟಿಸಬೇಕಾದದ್ದು ಭೂಮಿಗೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿದಾಗ 5 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್‌ನ ಕರೆಸಿ ಗುಂಡಿ ನೋಡಿಸಿ.

ಬೂಷ್ಟು, ತೇವ? ಮನೆಯಲ್ಲಿ ಎಲ್ಲಿ ಇಡಬೇಕು?

ಬಯಲುಸೀಮೆಯವರಿಗೆ ನ್ಯಾಸ್ ಬಿಸಿಯಾಗುವ ಚಿಂತೆ. ಮಡಿಕೇರಿ, ಭಾಗಮಂಡಲದ ಕಡೆ ಚಿಂತೆ ತೇವದ್ದು. ಸಮಾಧಾನದ ವಿಷಯ ಏನೆಂದರೆ ಓಡುತ್ತಿರುವ ಪೆಟ್ಟಿಗೆ ಒಳಗೆ ಬೆಚ್ಚಗಿರುತ್ತೆ, ಹನಿ ಕಟ್ಟುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಮಾಡಿ ಇಡುವುದೇ ಹೆಚ್ಚು ಕೆಡುಕು.

ಹೊರಗೋಡೆಗೆ ತಾಗಿಸಿ ಇಡಬೇಡಿ, ಆಷಾಢದಲ್ಲಿ ಆ ಗೋಡೆ ಬೆವರುತ್ತೆ. ನೆಲದಿಂದ ಎರಡು ಅಡಿ ಮೇಲೆ, ಒಳಗೋಡೆಯ ಶೆಲ್ಫ್‌ನಲ್ಲಿ, ಹಿಂದೆ ನಾಲ್ಕು ಇಂಚು ಗಾಳಿಗೆ ಜಾಗ ಬಿಟ್ಟು ಇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿ ಇಟ್ಟೀರಿ ಜೋಕೆ. ಹಂದಿಮಾಂಸ ಒಣಗಿಸಲು ಆ ಹೊಗೆ ಒಳ್ಳೆಯದು, ಫ್ಯಾನ್‌ಗೆ ಅಂಟುಮಸಿ ಕಟ್ಟಲೂ ಅಷ್ಟೇ ಒಳ್ಳೆಯದು. ಹಲ್ಲಿ, ಇರುವೆ ಬೆಚ್ಚಗಿನ ಜಾಗ ಹುಡುಕುತ್ತವೆ. ವರ್ಷಕ್ಕೆರಡು ಸಲ ಬಿಚ್ಚಿ ಬ್ರಷ್‌ನಲ್ಲಿ ಗುಡಿಸಿ.

ಆಫ್ ಆಗಿರುವ ಬ್ಯಾಕಪ್ ಡಿಸ್ಕ್‌ನದು ಬೇರೆ ಕತೆ. ಬಿಗಿಯಾದ ಮುಚ್ಚಳದ ಡಬ್ಬದಲ್ಲಿ ನೂರು ಗ್ರಾಂ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ಮುಗಿಯಿತು ಅಂತ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಹುರಿದರೆ ಪುನಃ ಕೆಲಸ ಮಾಡುತ್ತೆ. ಆ ನೀಲಿ ಬಣ್ಣ ವಿಷ, ಮಕ್ಕಳ ಕೈಗೆ ಸಿಗಬಾರದು. ಮಳೆಯಲ್ಲಿ ಎಲ್ಲಿಂದಲೋ ತಂದ ಡಿಸ್ಕ್ ಅನ್ನು ಕೂಡಲೇ ಸಿಕ್ಕಿಸದೆ ಎರಡು ಗಂಟೆ ಕೋಣೆಯಲ್ಲಿ ಬಿಡಿ.

ನ್ಯಾಸ್ ಹೊಸದು, ಆದರೂ ತೀರಾ ನಿಧಾನ. ಯಾಕೆ?

ಹತ್ತರಲ್ಲಿ ಎಂಟು ಸಲ ವೈರ್ ಅಥವಾ ಪೋರ್ಟ್. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತೆ, 100 ಎಂಬಿಪಿಎಸ್ ಪೋರ್ಟ್‌ನಲ್ಲಿ 11. ಇನ್ನೂರು ಜಿಬಿ ಫೋಟೊ ಮೊದಲನೆಯದರಲ್ಲಿ ಅರ್ಧ ಗಂಟೆ, ಎರಡನೆಯದರಲ್ಲಿ ಐದು ಗಂಟೆ. ಫೈಬರ್‌ನವರು ಕೊಡುವ ಕೆಲವು ಪೆಟ್ಟಿಗೆಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100. ನ್ಯಾಸ್‌ನ ಸೆಟ್ಟಿಂಗ್‌ನಲ್ಲಿ ಲಿಂಕ್ ವೇಗ 1000 ಅಂತ ಇದೆಯೇ ನೋಡಿ. 100 ಅಂತಿದ್ದರೆ ಮೊದಲು ಕೇಬಲ್ ಬದಲಿಸಿ. ಕೇಬಲ್‌ನ ಎಂಟು ಎಳೆಯಲ್ಲಿ ಒಂದು ತುಂಡಾದರೂ ವೇಗ 100ಕ್ಕೆ ಇಳಿಯಬಹುದು. ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬೇಡ, ಪೂರ್ತಿ ತಾಮ್ರದ ಕ್ಯಾಟ್ 6 ಕೇಳಿ.

ಕಲ್ಲಿನ ದಪ್ಪ ಗೋಡೆಯ ಹಳೆ ಮನೆಗಳಲ್ಲಿ ವೈಫೈ ಒಂದು ಕೋಣೆ ದಾಟುವುದೇ ಕಷ್ಟ. ಮೊದಲ ಸಲ ತುಂಬುವಾಗ ಲ್ಯಾಪ್‌ಟಾಪನ್ನೂ ವೈರ್‌ನಲ್ಲೇ ಸಿಕ್ಕಿಸಿ.

ಹೋಂಸ್ಟೇ ಇದೆ. ಅತಿಥಿಗಳಿಗೂ ಅದೇ ವೈಫೈ ಕೊಡುತ್ತೇವೆ, ತೊಂದರೆಯೇ?

ತೊಂದರೆಯೇ. ರೌಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಚಾಲೂ ಮಾಡಿ, ಬೋರ್ಡ್ ಮೇಲೆ ಅದರ ಪಾಸ್‌ವರ್ಡ್ ಮಾತ್ರ ಬರೆಯಿರಿ. ಅತಿಥಿಯ ಫೋನಿನಿಂದ ನ್ಯಾಸ್ ವಿಳಾಸ ತೆರೆಯಲು ನೀವೇ ಪ್ರಯತ್ನಿಸಿ, ತೆರೆಯಬಾರದು. ಅತಿಥಿಗಳ ಆಧಾರ್ ಪ್ರತಿ ಇಟ್ಟಿರುವ ಫೋಲ್ಡರ್ ಒಬ್ಬರಿಗೆ ಮಾತ್ರ ಕಾಣುವಂತಿರಲಿ.

ಸಿಸಿಟಿವಿ ರೆಕಾರ್ಡಿಂಗ್ ಅದರಲ್ಲೇ ಇಡಬಹುದಾ?

ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾ, ಹದಿನೈದು ದಿನ ಅಂದರೆ 1.3 ಟಿಬಿ ಅದಕ್ಕೇ ಹೋಯಿತು. ಜೊತೆಗೆ ಡಿಸ್ಕ್‌ಗೆ ಒಂದು ನಿಮಿಷವೂ ಬಿಡುವಿರಲ್ಲ. ಕ್ಯಾಮೆರಾಗೆ ಬೇರೆ ಡಿವಿಆರ್ ಇರಲಿ.

ಬೆಂಗಳೂರಿನಲ್ಲಿರುವ ಮಕ್ಕಳು ಅಲ್ಲಿಂದಲೇ ನೋಡಬಹುದಾ?

ನೋಡಬಹುದು. ಆದರೆ ಯೂಟ್ಯೂಬ್ ನೋಡಿ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಬೇಡಿ, ಅಂದರೆ ಇಂಟರ್ನೆಟ್‌ನಿಂದ ನ್ಯಾಸ್‌ಗೆ ನೇರ ಬಾಗಿಲು ತೆರೆಯಬೇಡಿ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್, 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ಸುಲಿಗೆ ತಂತ್ರಾಂಶಗಳು ಇಂಟರ್ನೆಟ್‌ಗೆ ತೆರೆದಿಟ್ಟ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳಿದವು.

ಫಾರ್ವರ್ಡ್ ಮಾಡಿದರೂ ಬಹಳ ಕಡೆ ಕೆಲಸ ಮಾಡುವುದಿಲ್ಲ. ರೌಟರ್‌ನಲ್ಲಿ ಹೊರಗಿನ ಐಪಿ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ಒಂದೇ ವಿಳಾಸವನ್ನು ಕಂಪನಿ ಹಲವು ಮನೆಗಳಿಗೆ ಹಂಚಿದೆ ಅಂತ. ಅದರ ಬದಲು ನಿಮ್ಮ ಸಾಧನಗಳನ್ನು ಮಾತ್ರ ಗುಟ್ಟಾಗಿ ಬೆಸೆಯುವ ಟೇಲ್‌ಸ್ಕೇಲ್ ಹಾಕಿಕೊಳ್ಳಿ, ಮನೆಬಳಕೆಗೆ ಉಚಿತ. ನ್ಯಾಸ್‌ನಲ್ಲಿ ಒಂದು, ಮಕ್ಕಳ ಫೋನಿನಲ್ಲಿ ಒಂದು ಆ್ಯಪ್, ಒಂದೇ ಖಾತೆ. ಸಿನಾಲಜಿಯ ಕ್ವಿಕ್‌ಕನೆಕ್ಟ್ ಇನ್ನೂ ಸುಲಭ, ಕೊಂಚ ನಿಧಾನ. ಯಾವುದೇ ಇರಲಿ, ಅಡ್ಮಿನ್ ಅನ್ನುವ ಮೂಲ ಖಾತೆ ನಿಲ್ಲಿಸಿ, ಎರಡು ಹಂತದ ಲಾಗಿನ್ ಹಾಕಿ.

ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಕಾಪಿ ಆಗುತ್ತಿಲ್ಲ. ಯಾಕೆ?

ಹೆಸರು ಉದ್ದವಾಗಿರಬೇಕು. ನ್ಯಾಸ್‌ನ ಕಡತ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ್ದಕ್ಕೆ ಮೂರು, ಅದೂ ಗುಣಿತದ ಚಿಹ್ನೆ ಬೇರೆ ಲೆಕ್ಕ. ‘ಕೊಡಗು’ ಅನ್ನುವುದರಲ್ಲಿ ಕ, ಒತ್ವ, ಡ, ಗ, ಕೊಂಬು ಸೇರಿ ಐದು, ಅಂದರೆ 15 ಬೈಟ್. ಹಾಗಾಗಿ 85 ಚಿಹ್ನೆಗೆ ಹೆಸರು ಮುಗಿಯಬೇಕು. ಸಿನಾಲಜಿಯಲ್ಲಿ ಫೋಲ್ಡರ್‌ಗೆ ಎನ್‌ಕ್ರಿಪ್ಶನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದ ಗುಪ್ತಲಿಪಿ) ಹಾಕಿದರೆ ಮಿತಿ 143ಕ್ಕೆ ಇಳಿಯುತ್ತೆ, ಕನ್ನಡದಲ್ಲಿ 47 ಚಿಹ್ನೆ. ‘ಅಜ್ಜನ ಕಾಲದ ಜಮ್ಮಾ ಬಾಣೆ ಕಾಗದ ಪತ್ರಗಳು ಮತ್ತು ಪೌತಿ ಖಾತೆ ಅರ್ಜಿಯ ಪ್ರತಿ’ ಅಂತ ಇಟ್ಟರೆ ಅಲ್ಲಿ ನಿಲ್ಲುತ್ತೆ.

ಹಳೆ ನುಡಿ, ಬರಹದಲ್ಲಿ ಯೂನಿಕೋಡ್ ಇಲ್ಲದ ಕಾಲದಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಆ ಫಾಂಟ್‌ಗಳನ್ನೂ ಅದೇ ಫೋಲ್ಡರ್‌ನಲ್ಲಿ ಇಡಿ. ಫಾಂಟ್ ಕಳೆದರೆ ಕಡತ ತೆರೆದರೂ ಕಾಣುವುದು ಗಿಜಿಬಿಜಿ.

ವಿಂಡೋಸ್ 11ಕ್ಕೆ ಬದಲಾದ ಮೇಲೆ ನ್ಯಾಸ್ ತೆರೆಯುತ್ತಿಲ್ಲ.

24ಎಚ್2 ಆವೃತ್ತಿಯಿಂದ ಪಾಸ್‌ವರ್ಡ್ ಇಲ್ಲದ ಷೇರ್‌ಗಳನ್ನು, ಹಳೆ ಬಗೆಯ ಸಂಪರ್ಕವನ್ನು ವಿಂಡೋಸ್ ಒಪ್ಪುವುದಿಲ್ಲ. ವಿಂಡೋಸ್‌ನ ಸೆಟ್ಟಿಂಗ್ ಸಡಿಲಿಸಬೇಡಿ. ನ್ಯಾಸ್‌ನಲ್ಲಿ ಎಸ್‌ಎಂಬಿ 3 ಅನ್ನುವ ಹೊಸ ಬಗೆಯ ಸಂಪರ್ಕ ಚಾಲೂ ಮಾಡಿ, ಪ್ರತಿಯೊಬ್ಬರಿಗೂ ಹೆಸರು, ಪಾಸ್‌ವರ್ಡ್ ಕೊಡಿ.

ಇನ್ನೊಂದು ಪ್ರತಿ ಎಲ್ಲಿ ಇಡಬೇಕು? ಪಕ್ಕದ ಮನೆ ಸಾಕಾ?

ಸಾಲದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮನೆಯೂ ಪಕ್ಕದ ಮನೆಯೂ ಒಟ್ಟಿಗೇ ಹೋದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಕುಶಾಲನಗರ ಬಯಲು ಅಂತ ಧೈರ್ಯ ಬೇಡ, ಕಾವೇರಿ ದಡದ ಬಡಾವಣೆಗಳಿಗೆ 2018, 2019ರಲ್ಲಿ ನೀರು ನುಗ್ಗಿತ್ತು. ಜಿಲ್ಲೆಯ ಹೊರಗೆ ಇಡಿ. ಮೈಸೂರಿನ ನೆಂಟರ ಮನೆಯ ಬೀರುವಿನ ಮೇಲ್ಗಡೆ ಶೆಲ್ಫ್ ಅಂದರೆ ಸರಿಯಾಯಿತು.

ಅನುಕೂಲವಾದ ಕ್ರಮ ಹೀಗಿದೆ. ಎರಡು ಯುಎಸ್‌ಬಿ ಡಿಸ್ಕ್. ಒಂದು ನ್ಯಾಸ್‌ಗೆ ಸಿಕ್ಕಿಸಿ ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಕಿತ್ತಿಡಿ, ಸಿಕ್ಕಿಸಿಯೇ ಬಿಟ್ಟರೆ ಸಿಡಿಲಿಗೆ ಅದೂ ಆಹುತಿ. ಇನ್ನೊಂದು ಊರಾಚೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಒಮ್ಮೆ ಅದಲುಬದಲು, ಹುತ್ತರಿಗೆ ನೆಂಟರು ಬಂದಾಗ ಇನ್ನೊಮ್ಮೆ. ಡಿಸ್ಕ್‌ಗೆ ಎನ್‌ಕ್ರಿಪ್ಶನ್ ಹಾಕಿ, ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಮನೆಯ ಇಬ್ಬರಿಗೆ ಗೊತ್ತಿರುವ ಜಾಗದಲ್ಲಿ ಇಡಿ.

ಕ್ಲೌಡ್‌ಗೆ ಹಾಕುವುದಾದರೆ ಅಪ್‌ಲೋಡ್ ವೇಗ ನೋಡಿ. 20 ಎಂಬಿಪಿಎಸ್‌ನಲ್ಲಿ 500 ಜಿಬಿ ಹೋಗಲು ಎಲ್ಲೂ ಕಡಿಯದಿದ್ದರೆ 56 ಗಂಟೆ. ಎಲ್ಲೂ ಕಡಿಯದೆ 56 ಗಂಟೆ ಕೊಡಗಿನಲ್ಲಿ ಸಿಗುವುದು ಜನವರಿಯಿಂದ ಮಾರ್ಚ್ ನಡುವೆ. ಕಾಗದಪತ್ರ, ಲೆಕ್ಕ ಮಾತ್ರ ಕ್ಲೌಡ್‌ಗೆ ಕಳಿಸಿದರೂ ಸಾಕು.

ಬ್ಯಾಕಪ್ ಸರಿ ಇದೆ ಅಂತ ಹೇಗೆ ಗೊತ್ತಾಗುವುದು?

ತೆರೆದು ನೋಡಿ. ಮೂರು ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕ್‌ನಿಂದ ಒಂದು ಹಳೆ ಫೋಟೊ, ಒಂದು ಪಿಡಿಎಫ್, ಒಂದು ಲೆಕ್ಕದ ಕಡತ ಬೇರೆ ಕಂಪ್ಯೂಟರಿಗೆ ತಂದು ತೆರೆಯಿರಿ. ‘ಯಶಸ್ವಿ’ ಅಂತ ಹಸಿರು ಟಿಕ್ ಬಂದ ಬ್ಯಾಕಪ್‌ನಲ್ಲಿ ಬೇಕಾದ ಫೋಲ್ಡರನ್ನೇ ಸೇರಿಸಿರದೆ ಇರುವುದು ಸಾಮಾನ್ಯ ತಪ್ಪು.

ಸ್ಮಾರ್ಟ್‌ನ ಪೂರ್ಣ ಪರೀಕ್ಷೆಯನ್ನೂ ಮೂರು ತಿಂಗಳಿಗೊಮ್ಮೆ ಮಾಡಿ. 4 ಟಿಬಿಗೆ ಎಂಟು ಗಂಟೆ ಹತ್ತಿರ ಹಿಡಿಯುತ್ತೆ, ಮಳೆಯಿಲ್ಲದ ರಾತ್ರಿ ಹಚ್ಚಿ.

ಕೆಟ್ಟ ಡಿಸ್ಕ್ ಗುಜರಿಗೆ ಕೊಡಬಹುದಾ?

ಹಾಗೇ ಕೊಡಬೇಡಿ. ಇನ್ನೂ ತಿರುಗುತ್ತಿದ್ದರೆ ಪೂರ್ತಿ ಫಾರ್ಮ್ಯಾಟ್ ಮಾಡಿ, ‘ಕ್ವಿಕ್’ ಅನ್ನುವ ಗುರುತು ತೆಗೆದು. ತಿರುಗದಿದ್ದರೆ ಮೇಲಿನ ನಕ್ಷತ್ರದಾಕಾರದ ಸ್ಕ್ರೂಗಳನ್ನು ಬಿಚ್ಚಿ ಒಳಗಿನ ತಟ್ಟೆಗೆ ಎರಡು ತೂತು ಕೊರೆಯಿರಿ. ಕೆಲವು ತಟ್ಟೆ ಗಾಜಿನವು, ಕೊರೆದರೆ ಪುಡಿಪುಡಿಯಾಗಿ ಸಿಡಿಯುತ್ತೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ದಪ್ಪ ಗೋಣಿಚೀಲದ ಒಳಗಿಟ್ಟು ಕೊರೆಯಿರಿ.